ಗರಗತ್ತಿ ಎಲೆಯ ಎರಡು ಮುಖ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ತಮ್ಮ ತಮ್ಮ ಜಾಗ ಹುಡುಕಿಕೊಂಡು ಕೂತಿದ್ದವು. ಹೊಳೆಗೆ ದಾರಿ ಹೊಸದು, ಗಾಳಿಗೆ ಊರು ಹೊಸದು. ಆಗ ಎಲ್ಲ ಮರಗಳ ಎಲೆಯೂ ನುಣುಪಾಗಿತ್ತು. ಎಲ್ಲಕ್ಕಿಂತ ನುಣುಪು ಹೊಳೆದಂಡೆಯ ಗರಗತ್ತಿ ಮರದ ಎಲೆ. ಗಾಳಿ ದಿನವೂ ಬಂದು ಅದರ ಮೇಲೆ ಜಾರಿ ಆಡುತ್ತಿತ್ತು.

ಆ ಹೊಳೆಯ ಹತ್ತಿರ ಚನ್ನಾಜಮ್ಮ ಎಂಬ ಹೆಂಗಸಿದ್ದಳು. ಅವಳ ಗಂಡ ಮೌನಾಚಾರಿ ಲೋಕದ ಮೊದಲ ಬಡಗಿ. ಅವನು ಮಾಡಿದ್ದನ್ನು ನೋಡಿ ಸರಿ ಎನ್ನುವುದು, ಅಲ್ಲ ಎನ್ನುವುದು ಅವಳ ಕೆಲಸ. ಅಲ್ಲ ಎಂದದ್ದೇ ಹೆಚ್ಚು.

ಅವಳ ಮಗಳಿಗೆ ಮಗು ಹುಟ್ಟಿತು. ಆಗ ತೊಟ್ಟಿಲು ಎಂಬುದೇ ಇರಲಿಲ್ಲ. ಮಕ್ಕಳು ನೆಲದ ಮೇಲೆಯೇ ಮಲಗುತ್ತಿದ್ದವು. ಇರುವೆಗಳು ಸಾಲಾಗಿ ಬಂದು ಮಗುವಿನ ಕಿವಿ ಕಚ್ಚಿದವು. ಚನ್ನಾಜಮ್ಮ ಗದರಿದಾಗ, ನೆಲ ನಮ್ಮ ದಾರಿ, ದಾರಿಯಲ್ಲಿ ಮಲಗಿಸಿದವರದ್ದೇ ತಪ್ಪು ಎಂದವು. ಮಾತು ನ್ಯಾಯವಾಗಿತ್ತು. ಹನ್ನೊಂದನೆಯ ದಿನ ಹೆಸರಿಡುವ ಹೊತ್ತಿಗೆ ಮಗು ನೆಲದಿಂದ ಮೇಲಿರಬೇಕೆಂದು ಅವಳು ಗಂಡನಿಗೆ ಹೇಳಿಬಿಟ್ಟಳು.

ಮೌನಾಚಾರಿ ಹಲಸಿನ ಮರವನ್ನು ಕೇಳಿ ಒಣಗಿದ ಕೊಂಬೆ ತಂದ. ಗರಗಸದಿಂದ ಕೊಯ್ದ, ಬಾಚಿಯಿಂದ ಕೆತ್ತಿದ, ಉಳಿಯಿಂದ ತೂತು ಕೊರೆದು ಪಟ್ಟಿಗೆ ಪಟ್ಟಿ ಕೂರಿಸಿದ. ಒಂದು ಮೊಳೆಯೂ ಬೇಕಾಗಲಿಲ್ಲ. ಎಂಟನೆಯ ದಿನ ಲೋಕದ ಮೊದಲ ತೊಟ್ಟಿಲನ್ನು ಹೆಂಡತಿಯ ಮುಂದಿಟ್ಟು ಮೀಸೆ ತಿರುವುತ್ತ ನಿಂತ.

ಚನ್ನಾಜಮ್ಮ ಚೂರು ಹತ್ತಿ ತೆಗೆದುಕೊಂಡು ಮರದ ಮೇಲೆ ಎಳೆದಳು. ಹತ್ತಿ ಅಲ್ಲಲ್ಲಿ ಸಿಕ್ಕಿಕೊಂಡು ನಿಂತಿತು.

“ಹತ್ತಿಯನ್ನೇ ಬಿಡದ ಮರ ಮಗುವನ್ನು ಬಿಡುತ್ತದೆಯೇ?” ಎಂದಳು.

“ಕಣ್ಣಿಗೇ ಕಾಣದ ಸಿಬರಿಗೆ ಇಷ್ಟು ಮಾತೇನೇ?”

“ಚುಚ್ಚುವುದಕ್ಕೆ ಕಾಣಬೇಕಾಗಿಲ್ಲ. ಅರ್ಧ ಕೆಲಸ ಕೆಲಸವಲ್ಲ ರೀ.”

ಅವಳೇ ಉಪಾಯ ಹುಡುಕಲು ಹೊರಟಳು. ಕಲ್ಲಿನಿಂದ ಉಜ್ಜಿದಳು, ಗೀರು ಬಿತ್ತು. ಹೊಳೆಯನ್ನು ಕೇಳಿ ಹಿಡಿ ಮರಳು ತಂದು ಉಜ್ಜಿದಳು, ಅಂಗೈ ಸುಲಿಯಿತು, ಮರಳು ಜಾರಿ ಬಿತ್ತು. ಮರಳು ನನ್ನಲ್ಲಿ ಬೇಕಾದಷ್ಟಿದೆ, ಅದನ್ನು ಹಿಡಿದುಕೊಳ್ಳುವವರು ಮಾತ್ರ ಯಾರೂ ಇಲ್ಲ ಎಂದಿತು ಹೊಳೆ.

ದಂಡೆಯ ಗರಗತ್ತಿ ಮರ ಇದನ್ನು ಕೇಳಿಸಿಕೊಂಡಿತು. ಅದರ ಕಾಂಡ ಸೊಟ್ಟ. ಬಾಗಿಲಿಗೆ ಬಾರದು, ಕಂಬಕ್ಕೆ ಬಾರದು ಎಂದು ಮೌನಾಚಾರಿ ಯಾವಾಗಲೂ ಅದನ್ನು ದಾಟಿ ಹೋಗುತ್ತಿದ್ದ.

“ಅಮ್ಮಾ, ಮರಳನ್ನು ನಾನು ಹಿಡಿದುಕೊಳ್ಳುತ್ತೇನೆ” ಎಂದಿತು ಮರ.

“ನಿನ್ನ ನುಣುಪು ಹೋಗುತ್ತದೆ. ಆಮೇಲೆ ಅತ್ತರೆ ನಾನು ಕೇಳುವವಳಲ್ಲ.”

ಮರ ಯೋಚಿಸಿತು. ಎಲೆಯ ಮೇಲ್ಮುಖ ನಿನಗೆ, ಕೆಳಮುಖ ನನ್ನ ಗೆಳೆಯ ಗಾಳಿಗೆ ಎಂದು ಒಪ್ಪಿಕೊಂಡಿತು. ಬೇರಿನಿಂದ ಮರಳನ್ನು ಹೀರಿ ಹೀರಿ ಎಲೆಗೆ ಏರಿಸಿತು. ಮರುದಿನ ಬೆಳಿಗ್ಗೆ ಪ್ರತಿ ಎಲೆಯ ಮೇಲ್ಮುಖವೂ ಬೆಕ್ಕಿನ ನಾಲಗೆಯಂತೆ ತರಿತರಿಯಾಗಿತ್ತು.

ಚನ್ನಾಜಮ್ಮ ಎಲೆ ಕಿತ್ತು ತಂದು ಉಜ್ಜತೊಡಗಿದಳು. ತೊಟ್ಟಿಲಿನ ಮರ ನರಳಿತು. ಅಡ್ಡ ಉಜ್ಜಿದರೆ ಪರಚಿದಂತಾಗುತ್ತದೆ ತಾಯಿ, ನನ್ನ ಎಳೆ ಓಡಿದ ಕಡೆಗೇ ಉಜ್ಜು ಎಂದಿತು. ಬೇರೆ ಯಾರಾದರೂ ತಿದ್ದಿದ್ದರೆ ಅವಳು ಸುಮ್ಮನಿರುತ್ತಿರಲಿಲ್ಲ. ಮರದ ವಿಷಯ ಮರಕ್ಕೇ ಗೊತ್ತು ಎಂದು ಕೈ ತಿರುಗಿಸಿದಳು. ಹಳದಿ ಹುಡಿ ಉದುರಿತು, ಪಟ್ಟಿ ನುಣುಪಾಯಿತು. ಎಲೆ ಸವೆಯಿತು, ಇನ್ನೊಂದು ಎಲೆ ತಂದಳು. ಅದೂ ಸವೆಯಿತು, ಮತ್ತೊಂದು ತಂದಳು.

ಹನ್ನೊಂದನೆಯ ದಿನದ ಬೆಳಗಾಯಿತು. ತೊಟ್ಟಿಲಿನ ತಳ, ಮೂರು ಬದಿ ಮುಗಿದಿದ್ದವು. ಮಗು ತಲೆಯಿಡುವ ಬದಿಯೊಂದು ಉಳಿದಿತ್ತು. ಮರದಲ್ಲಿ ಉಳಿದದ್ದು ಏಳೇ ಎಲೆ. ಆ ಬದಿಗೆ ಏಳು ಸಾಲದು, ಹದಿನಾಲ್ಕು ಬೇಕು. ನೆಂಟರು ಬರುವ ಹೊತ್ತಾಯಿತು, ಅಲ್ಲೊಂದು ಬಟ್ಟೆ ಹೊದಿಸಿಬಿಡು, ಯಾರು ನೋಡುತ್ತಾರೆ ಎಂದ ಮೌನಾಚಾರಿ. ಅವಳು ಹೊಳೆದಂಡೆಗೆ ನಡೆದಳು.

ಮರದ ಕೆಳಗೆ ಸುಮ್ಮನೆ ನಿಂತಳು. ಬೇಡಿ ಅಭ್ಯಾಸವಿಲ್ಲದ ಬಾಯಿ ಅದು.

“ಎಷ್ಟು ಉಳಿಯಿತಮ್ಮಾ?” ಎಂದು ಮರವೇ ಕೇಳಿತು.

“ತಲೆಯ ಬದಿ.”

ಮರ ಗಾಳಿಯನ್ನು ಕರೆಯಿತು. “ನಿನಗೆಂದು ಇಟ್ಟ ಮುಖ ಇದು. ನೀನು ಬೇಡ ಎಂದರೆ ಕೊಡುವುದಿಲ್ಲ” ಎಂದಿತು.

ಗಾಳಿ ಹತ್ತಿರ ಬಂತು. ಆ ಏಳು ಎಲೆಗಳ ಕೆಳಗೆ ಒಂದು ಸಲ ಮೆಲ್ಲಗೆ ಜಾರಿತು. ಆಮೇಲೆ ಹೊಳೆಯ ಮೇಲೆ ಬೀಸಿ, ನೀರನ್ನು ನೂಕಿ, ತಾನೇ ಮರಳನ್ನು ಮರದ ಬೇರಿನವರೆಗೆ ತಂದು ಹಾಕಿತು.

ಮರ ಅದನ್ನು ಒಂದೇ ಉಸಿರಿಗೆ ಹೀರಿ ಕೆಳಮುಖಕ್ಕೂ ಏರಿಸಿತು, ಏಳು ಎಲೆಗೆ ಹದಿನಾಲ್ಕು ತರಿ ಮುಖವಾಯಿತು. ಒಂದು ಮುಖ ಸವೆದರೆ ಎಲೆ ತಿರುಗಿಸಿ ಉಜ್ಜಿದಳು ಚನ್ನಾಜಮ್ಮ. ಕೊನೆಯ ಎಲೆಯ ಕೊನೆಯ ಮುಖ ಸವೆಯುವಾಗ ಹೊಸ ಹತ್ತಿ ತೆಗೆದು ಎಳೆದಳು. ಹತ್ತಿ ಎಲ್ಲಿಯೂ ನಿಲ್ಲದೆ ಈ ತುದಿಯಿಂದ ಆ ತುದಿಗೆ ಹೋಯಿತು. “ಸರಿ” ಎಂದಳು. ಮೌನಾಚಾರಿ ಅವಳ ಬಾಯಲ್ಲಿ ಆ ಮಾತು ಕೇಳಿ ಯಾವ ಕಾಲವಾಗಿತ್ತೋ. ಇರುವೆಗಳು ಕೆಳಗೆ ತಮ್ಮ ದಾರಿ ಹಿಡಿದು ಹೋದವು, ಮಗು ಮೇಲೆ ನಿದ್ದೆ ಹೋಯಿತು.

ಬೋಳಾದ ಗರಗತ್ತಿ ಮತ್ತೆ ಚಿಗುರಿತು. ಎಲೆಗಳು ಎರಡು ಮುಖದಲ್ಲೂ ಮರಳು ಹೊತ್ತೇ ಬಂದವು. ಗಾಳಿಗೆ ಜಾರಿ ಆಡಲು ಜಾಗವಿರಲಿಲ್ಲ, ಆದರೂ ಅದು ಗೆಳೆಯನನ್ನು ಬಿಡಲಿಲ್ಲ. ಅದಕ್ಕೇ ಇವತ್ತಿಗೂ ನೀವು ಗರಗತ್ತಿ ಎಲೆಯನ್ನು ಯಾವ ಮುಖದಿಂದ ಮುಟ್ಟಿದರೂ ಬೆರಳಿಗೆ ತರಿ ತಾಗುತ್ತದೆ, ಬೇರೆ ಮರಗಳಲ್ಲಿ ಸುಯ್ಯೆಂದು ಹಾಯುವ ಗಾಳಿ ಆ ಮರಕ್ಕೆ ಬಂದಾಗ ಮಾತ್ರ ಮೈ ಕೆರೆದರೂ ಸರಿ ಎಂದು ಕರಕರ ಸದ್ದು ಮಾಡುತ್ತ ಎಲೆಗಳ ನಡುವೆಯೇ ನುಗ್ಗುತ್ತದೆ.