ಘಟ್ಟದ ದಾರಿಯ ಹೆಸರಿಲ್ಲದ ಕಲ್ಲು

“ಕೇಳಿರಪ್ಪೋ ಕೇಳಿ! ಬಿಳಿಗಲ್ಲಕೋಟೆಯ ಕೆಂಚರಸರ ಅಪ್ಪಣೆ! ಘಟ್ಟದ ದಾರಿ ಮುಗಿಯುವಲ್ಲಿ ಅಕ್ಷರವಿಲ್ಲದ ಕಲ್ಲೊಂದು ನಿಂತಿದೆ. ಅದರ ಕುರಿತು ಅರಸುಮಗಳು ಲಚ್ಚಲದೇವಿ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನು ಅಳಿಯ. ತಪ್ಪಿದವನ ತಲೆ ಯುಗಾದಿಯ ಮಾರನೆಯ ದಿನ ನೆಲಕ್ಕೆ! ಅಷ್ಟರೊಳಗೆ ಯಾರೂ ಬಿಡಿಸದಿದ್ದರೆ ಕಲ್ಲೂ ಪುಡಿ!”

ಕಲ್ಲೆಂದರೆ ಏನು ಮಹಾ ಅಂತೀರಿ? ಭುಜದೆತ್ತರದ ಎರಡು ಕಂಬ, ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಒಂದು ಕಂಬದಲ್ಲಿ ಸವೆದುಹೋದ ಹೆಣ್ಣಿನ ರೂಪ. ಕೆಂಚರಸನಿಗೆ ಆ ಜಾಗವೇ ಬೇಕಾಗಿತ್ತು. ತನ್ನ ಬಿರುದುಗಳನ್ನೆಲ್ಲ ಕೆತ್ತಿಸಿದ ಶಾಸನದ ಕಂಬ ಆಗಲೇ ಬಂಡಿಯಲ್ಲಿ ಬಂದು ದಾರಿಬದಿಯಲ್ಲಿ ಬಿದ್ದಿತ್ತು. ಆದರೆ ಲಚ್ಚಲದೇವಿಗೆ ಆ ಹಳೆಯ ಕಲ್ಲಿನ ಕತೆಯನ್ನು ಅವಳ ಸಾಕುತಾಯಿ ಹೇಳಿದ್ದಳು. “ಅದನ್ನು ಕಿತ್ತರೆ ನಾನು ಅನ್ನ ಮುಟ್ಟುವುದಿಲ್ಲ ಅಪ್ಪಾಜಿ” ಎಂದು ಹಟ ಹಿಡಿದಳು.

“ನಿನ್ನೊಬ್ಬಳಿಗೆ ಗೊತ್ತಿದ್ದರೆ ಆಯಿತೇ? ನನ್ನ ಸೀಮೆಯಲ್ಲಿ ಇನ್ನೊಬ್ಬನಿಗೆ ಗೊತ್ತಿದೆಯೋ ನೋಡು.”

“ಗೊತ್ತಿದ್ದವನನ್ನೇ ಮದುವೆಯಾಗುತ್ತೇನೆ.”

ಹಾಗಂದರೆ ಊರಿಗೆ ಊರೇ ಸಾಲು ನಿಂತೀತೆಂದು ಹೆದರಿ ಅರಸ ತಲೆಯ ಮಾತು ಸೇರಿಸಿದ. ಸಾಲೇನೋ ಕರಗಿತು, ದಡ್ಡತನ ಕರಗಲಿಲ್ಲ.

ಮೊದಲು ಬಂದವನು ಪಕ್ಕದ ಸೀಮೆಯ ಅರಸುಕುಮಾರ. ಲಚ್ಚಲದೇವಿ ಕೇಳಿದಳು: “ಬಂದವರೆಲ್ಲ ಅವಳಿಗೆ ಕೊಡುತ್ತಾರೆ. ಹೋಗುವಾಗ ಕೊಟ್ಟದ್ದನ್ನೇ ಒಯ್ಯುತ್ತಾರೆ. ಆದರೂ ಬಂದವನಿಗೆ ಲಾಭವೇ. ಕೊಡುವುದೇನು?”

“ಕಪ್ಪಕಾಣಿಕೆ! ಅದು ಯಾರೋ ಗೆದ್ದು ಕಟ್ಟಿಸಿದ ತೋರಣ.”

“ಕಪ್ಪ ಕೊಟ್ಟವನು ವಾಪಸು ಒಯ್ಯುತ್ತಾನೇನಯ್ಯಾ? ನಿಮ್ಮಪ್ಪ ಒಯ್ದಿದ್ದಾರೆಯೇ?” ಎಂದು ಕೆಂಚರಸನೇ ರೇಗಿದ. ಕುಮಾರ ಸೆರೆಮನೆ ಸೇರಿದ.

ಆಮೇಲೆ ಬಂದವರು ಒಬ್ಬರಿಗಿಂತ ಒಬ್ಬರು ದಡ್ಡರು. ಒಬ್ಬ ಅದು ರಾಣಿಯರ ಉಯ್ಯಾಲೆ ಅಂದ, ಇನ್ನೊಬ್ಬ ಆನೆ ಕಟ್ಟುವ ಗೂಟ ಅಂದ. ಎಲ್ಲರೂ ಕುದುರೆಯ ಮೇಲೆ ಬಂದು, ಕುದುರೆಯ ಮೇಲಿಂದಲೇ ಕಲ್ಲು ನೋಡಿದವರು! ಆಸ್ಥಾನಕವಿಯೊಬ್ಬ ಮಾತ್ರ ಕುದುರೆ ಇಳಿದು, ಮರದ ನೆರಳಲ್ಲಿ ಕೂತು, ದಾರಿಹೋಕರನ್ನು ನೋಡಿದ. ಸಭೆಗೆ ಬಂದು “ಕೊಡುವುದು ಹೊರೆ” ಎಂದ. ಸಭೆ ಎದ್ದು ಕೂತಿತು. ಲಚ್ಚಲದೇವಿಯ ಮುಖ ಅರಳಿತು.

“ಸರಿ. ಅವಳು ಹೊತ್ತದ್ದನ್ನು ಇಳಿಸಿಕೊಳ್ಳಲು ಯಾರಿಂದಲೂ ಆಗಲಿಲ್ಲ. ಅದಕ್ಕೇ ಅವಳು ಎಲ್ಲರದ್ದನ್ನೂ ಇಳಿಸಿಕೊಳ್ಳುತ್ತಾಳೆ. ಅವಳು ಹೊತ್ತದ್ದೇನು?”

ಕವಿ ಕಣ್ಣು ಮುಚ್ಚಿ, “ವಿರಹ” ಎಂದ.

“ನಿಮಗೆ ಎಲ್ಲದಕ್ಕೂ ವಿರಹವೇ!” ಲಚ್ಚಲದೇವಿ ಹಣೆ ಚಚ್ಚಿಕೊಂಡಳು. ಅವಳಿಗೆ ಅಳುವೇ ಬಂತು. ನಾಳೆ ಯುಗಾದಿ. ಸೆರೆಮನೆಯಲ್ಲಿ ಜಾಗವಿಲ್ಲ, ಕಲ್ಲುಕುಟಿಗರು ಸುತ್ತಿಗೆ ಹಿಡಿದು ಕಾದಿದ್ದಾರೆ.

ಆಗ ಸಭೆಗೆ ಒಬ್ಬ ಉಪ್ಪಿನ ಮೂಟೆ ಹೊತ್ತೇ ನುಗ್ಗಿದ. ಹೆಸರು ದ್ಯಾವ. ಕರಾವಳಿಯಿಂದ ಘಟ್ಟ ಹತ್ತಿ ಅರಮನೆಯ ಅಡಿಗೆಮನೆಗೆ ಉಪ್ಪು ತರುವ ಹೊರೆಯಾಳು.

“ಬುದ್ಧೀ, ನಾನು ಒಗಟಿಗೆ ಬಂದೋನಲ್ಲ. ಆ ಕಲ್ಲು ಒಡೀಬ್ಯಾಡಿ ಅಂತ ಹೇಳಾಕೆ ಬಂದೆ. ಮೂಟೆ ನೆಲಕ್ಕಿಟ್ರೆ ಒಂಟಿ ಆಳು ಮತ್ತೆ ಎತ್ತಾಕಾಗಾಕಿಲ್ಲ. ಚಪ್ಪಡಿ ಮ್ಯಾಲಾದ್ರೆ ತಲೆಯಿಂದ ಜಾರಿಸಿದ್ರಾಯ್ತು, ಹೊರಡುವಾಗ ಮೂಟೆ ಅಡಿಗೆ ತಲೆ ಕೊಟ್ರಾಯ್ತು. ಅದೂ ಇಲ್ದಿದ್ರೆ ನಿಮ್ಮ ಸಾರಿಗೆ ಉಪ್ಪು ಎಲ್ಲಿಂದ ಬತ್ತದೆ?”

“ಬಾಯಿ ಬಿಟ್ಟು ಮೊದಲನೆಯದನ್ನು ಬಿಡಿಸಿದೆಯಲ್ಲ, ಇನ್ನು ಎರಡನೆಯದನ್ನೂ ಹೇಳು. ತಪ್ಪಿದರೆ ಗೊತ್ತಲ್ಲ?” ಎಂದ ಅರಸ.

ಲಚ್ಚಲದೇವಿ ಒಗಟನ್ನು ಮತ್ತೆ ಹೇಳಿದಳು. ದ್ಯಾವನ ದನಿ ತಗ್ಗಿತು.

“ತಾಯೀ, ಹೊಟ್ಟೇಲಿದ್ದ ಕೂಸು. ನಮ್ಮ ಕಡೆ ಬಸುರಿ ಹೆರದೇ ತೀರಿಕೊಂಡ್ರೆ ಇಂಥಾ ಕಲ್ಲು ನಿಲ್ಲಿಸ್ತೀವಿ. ದಾರಿಹೋಕರ ಹೊರೆ ಇಳಿದಾಗೆಲ್ಲ ಅವಳದ್ದೂ ಒಂಚೂರು ಇಳೀತದೆ ಅಂತ. ನಮ್ಮಕ್ಕಂಗೂ ಒಂದು ನಿಲ್ಲಿಸಿದೀವಿ.”

ಲಚ್ಚಲದೇವಿ ಮೆಲ್ಲಗೆ ಮೂರನೆಯದು ಕೇಳಿದಳು: “ಅವಳ ಹೆಸರು ಕಲ್ಲಿನಲ್ಲಿಲ್ಲ. ಊರಲ್ಲೂ ಯಾರಿಗೂ ತಿಳಿಯದು. ಆದರೂ ದಿನವೂ ಅವಳನ್ನು ಕರೆಯುತ್ತಾರೆ. ಏನೆಂದು?”

“ಅವ್ವಾ ಅಂತ.”

“ಸುಳ್ಳು!” ಕೆಂಚರಸ ಸಿಂಹಾಸನದಿಂದ ಎದ್ದ. “ಹುಟ್ಟಿದಾಗಿನಿಂದ ಆ ದಾರಿಯಲ್ಲಿ ಓಡಾಡಿದ್ದೇನೆ. ಒಬ್ಬನೂ ಹಾಗೆ ಕರೆದದ್ದು ಕೇಳಿಲ್ಲ. ಅಪ್ಪ ಮಗಳು ಇಬ್ಬರನ್ನೂ ಮಂಗ ಮಾಡುತ್ತಿದ್ದೀಯಾ?”

“ಕುದುರೆ ಮ್ಯಾಲೆ ಓಡಾಡಿದೀರಿ ಬುದ್ಧೀ. ಈ ಮೂಟೆ ಹೊತ್ಕೊಂಡು ಒಂದು ಸಲ ಹೋಗಿಬನ್ನಿ. ಕರೀದಿದ್ರೆ ನನ್ನ ತಲೆ ತಕ್ಕಳಿ.”

ಅರಸನ ಸಿಟ್ಟು ಅಂದರೆ ಸಿಟ್ಟು. ಕಿರೀಟ ಕಿತ್ತಿಟ್ಟು, ತಲೆಗೆ ಬಟ್ಟೆಯ ಸಿಂಬಿ ಸುತ್ತಿ, ಮೂಟೆ ಹೊರಿಸಿಕೊಂಡೇಬಿಟ್ಟ. ಹಿಂದೆ ಮಗಳು, ಮಂತ್ರಿ, ಊರಿಗೆ ಊರು. ಕೋಟೆಬಾಗಿಲಿಗೆ ಬರುವಷ್ಟರಲ್ಲಿ ಕತ್ತು ಒಳಗೆ ಹೋಯಿತು. ಏರಿನಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತ. “ಕೊಡಿ ಪ್ರಭು” ಎಂದು ಮಂತ್ರಿ ಕೈ ಚಾಚಿದರೆ, “ದೂರ ಸರಿಯಯ್ಯಾ!” ಬೆವರು ಕಣ್ಣಿಗಿಳಿದು ದಾರಿಯೇ ಕಾಣದಾಗ ಭುಜಕ್ಕೆ ತಣ್ಣನೆಯ ಚಪ್ಪಡಿ ತಾಗಿತು. ತಲೆ ವಾಲಿಸಿ ಮೂಟೆ ಜಾರಿಸಿದ. ಎದೆಯ ಆಳದಿಂದ, ತನಗೇ ತಿಳಿಯದಂತೆ, ಹೊರಟಿತು:

“ಅವ್ವಾ!”

ಕಂಬದ ಸವೆದ ಹೆಣ್ಣುರೂಪ ಬಾಗಿ ನಿಂತ ಅರಸನ ಮುಖದ ಸಮಕ್ಕೇ ಇತ್ತು. ಅವನು ಅದನ್ನು ಕೈಯಿಂದ ಸವರಿದ.

“ಕೂಸು ಒಂದು ಸಲವೂ ಕರೆಯಲಿಲ್ಲ ಅಪ್ಪಾಜಿ,” ಲಚ್ಚಲದೇವಿ ಹೇಳಿದಳು. “ಅದಕ್ಕೇ ದಾರಿಯವರೆಲ್ಲ ಕರೆಯುತ್ತಾರೆ.”

ಮದುವೆ ಕೋಟೆಯಲ್ಲಿ ಆಗಲಿಲ್ಲ, ಆ ಕಲ್ಲಿನೆದುರೇ ಆಯಿತು. ಸೆರೆಯಲ್ಲಿದ್ದವರ ತಲೆಗಳನ್ನು ಉಳಿಸಿಕೊಡಿ ಎಂದು ದ್ಯಾವ ಕೇಳಿಕೊಂಡ. ಉಳಿದವು, ಆದರೆ ಮದುವೆಯ ಅಡಿಗೆಗೆ ಬೇಕಾದ ಉಪ್ಪನ್ನು ಆ ತಲೆಗಳ ಮೇಲೆಯೇ ಹೊರಿಸಿದರು. ಕವಿ ಕಲ್ಲಿನ ಬಳಿ ಮೂಟೆ ಇಳಿಸಿದಾಗ ಬಾಯಿಂದ ಬಂದದ್ದು ವಿರಹವಲ್ಲ.

ಇನ್ನು ಬಿರುದಿನ ಕಂಬ? ಅದನ್ನು ಕೆಂಚರಸ ಘಟ್ಟದ ನಡುವೆ, ಏರು ಕಡಿದಾಗಿರುವಲ್ಲಿ, ಎರಡು ಗೂಟಗಲ್ಲುಗಳ ಮೇಲೆ ಅಡ್ಡಲಾಗಿ ಮಲಗಿಸಿದ. ಬಿರುದುಗಳೆಲ್ಲ ಮೂಟೆಗಳಡಿ ಸವೆದು ಎಂದೋ ಮಾಯವಾದವು. ಆದರೆ ಅಲ್ಲಿ ಹೊರೆ ಇಳಿಸುವವರು ಇವತ್ತಿಗೂ “ಅಪ್ಪಾ!” ಅನ್ನುತ್ತಾರಂತೆ.