ಅನ್ನ ಬೇಯುವಷ್ಟರಲ್ಲಿ

ಹೊಳೆದಂಡೆಯ ಮಠದ ಗೋಡೆಯ ಮೇಲೆ ಒಂದು ಹಸು ತನ್ನ ಕರುವನ್ನು ನೆಕ್ಕುತ್ತಾ ನಿಂತಿತ್ತು. ಬರೆದವರು ಮರುಳಯ್ಯನವರು. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು.

ಬಂದವರು ಹಸುವನ್ನು ನೋಡುತ್ತಿದ್ದುದು ಒಂದು ಗಳಿಗೆ, ಅಷ್ಟೇ. ಆಮೇಲೆ ಎಲ್ಲರದೂ ಒಂದೇ ಪ್ರಶ್ನೆ.

“ಅಯ್ನೋರೇ, ಎಸರಿಟ್ಟು ಅನ್ನ ಬೇಯುವಷ್ಟರಲ್ಲಿ ಇದನ್ನು ಬರೆದುಬಿಟ್ಟಿರಂತೆ, ಹೌದಾ?”

“ಹೌದು, ಅನ್ನ ಬೇಯುವಷ್ಟರಲ್ಲಿ,” ಎನ್ನುತ್ತಿದ್ದರು ಮರುಳಯ್ಯ.

ಜನರ ಕಣ್ಣು ಅಗಲವಾಗುತ್ತಿತ್ತು. ಪಕ್ಕದಲ್ಲಿ ನಿಂತ ಶಿಷ್ಯ ಕೊಟ್ರಪ್ಪನ ಮುಖ ಸಣ್ಣದಾಗುತ್ತಿತ್ತು.

ಪಾಪ, ಅವನು ಹನ್ನೊಂದು ವರ್ಷದಿಂದ ಕುಂಚ ಹಿಡಿದವನು. ಕೈ ಚೆನ್ನಾಗಿಯೇ ಪಳಗಿತ್ತು, ಆದರೆ ನಿಧಾನ. ಒಂದೇ ರಾತ್ರಿಯಲ್ಲಿ ನಂದಿ ಕಡೆದ ಶಿಲ್ಪಿ, ಅರಸ ಕುದುರೆಯಿಂದ ಇಳಿಯುವಷ್ಟರಲ್ಲಿ ಅವನ ಮುಖ ಬರೆದು ಮುಗಿಸಿದ ಚಿತ್ರಗಾರ, ಇಂಥ ಕಥೆಗಳನ್ನು ಬಂದುಹೋಗುವವರ ಬಾಯಲ್ಲಿ ಕೇಳಿ ಕೇಳಿ ಅವನ ತಲೆ ಕೆಟ್ಟುಹೋಗಿತ್ತು.

ಆ ವರ್ಷ ಗುರುಗಳು ಊಟದ ಸಾಲೆಯ ಗೋಡೆಯನ್ನು ಅವನಿಗೆ ಒಪ್ಪಿಸಿದರು. ಹಸಿ ಗಾರೆಯ ಮೇಲೆ ಕೆಮ್ಮಣ್ಣಿನಲ್ಲಿ ಒಂದು ನವಿಲು ಬರೆಯಬೇಕು. ಹಸಿಯಿರುವ ತನಕ ಗಾರೆ ಬಣ್ಣ ಕುಡಿಯುತ್ತದೆ, ಒಣಗಿದರೆ ಮುಗಿಯಿತು.

ಕೊಟ್ರಪ್ಪ ಏನು ಮಾಡಿದ ಗೊತ್ತೇ? ಗೋಡೆಯ ಬುಡದಲ್ಲೇ ಮೂರು ಕಲ್ಲು ಹೂಡಿದ. ಒಲೆ ಹಚ್ಚಿ, ಮಡಕೆಯಲ್ಲಿ ಎಸರಿಟ್ಟು, ಅನ್ನದ ಜೊತೆ ಪಂದ್ಯಕ್ಕೆ ನಿಂತ.

ಮೊದಲನೆಯ ಸಲ ಅನ್ನ ಬೆಂದಾಗ ನವಿಲಿಗೆ ಇನ್ನೂ ಕಾಲೇ ಇರಲಿಲ್ಲ. ಎರಡನೆಯ ಸಲ ಕತ್ತು ಸೊಟ್ಟಗಾಯಿತು. ಮೂರನೆಯ ಸಲ ಅನ್ನಕ್ಕಿಂತ ಮೊದಲೇ ಚಿತ್ರ ಮುಗಿಯಿತು, ಆದರೆ ಗೋಡೆಯ ಮೇಲೆ ನಿಂತಿದ್ದುದು ಮಳೆಯಲ್ಲಿ ನೆನೆದ ಕೋಳಿ. ಮೂರನ್ನೂ ತಾನೇ ಕೆರೆದು ಹಾಕಿದ.

ಗಾರೆಯ ಸುಣ್ಣವನ್ನು ವರ್ಷಗಟ್ಟಲೆ ನೀರಲ್ಲಿ ನೆನೆಹಾಕಿರುತ್ತಾರೆ. ತೊಟ್ಟಿಯಲ್ಲಿ ಇನ್ನು ಒಂದೇ ಒಂದು ಸಲಕ್ಕಾಗುವಷ್ಟು ಉಳಿದಿತ್ತು.

“ಗುರುಗಳೇ, ನಾಳೆಯೂ ಆಗದಿದ್ದರೆ ಕುಂಚವನ್ನು ನಿಮ್ಮ ಪಾದಕ್ಕಿಟ್ಟು ಊರಿಗೆ ಹೋಗ್ತೀನಿ,” ಎಂದ ಕೊಟ್ರಪ್ಪ. “ನಿಮ್ಮ ವೇಗ ನನಗೆ ಬರೋದಿಲ್ಲ. ಅದರ ಗುಟ್ಟನ್ನಾದರೂ ಹೇಳಿ.”

“ನನಗೇನು ಗೊತ್ತಪ್ಪ? ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಹಾಲಮ್ಮನನ್ನು ಕೇಳು.”

ಹಾಲಮ್ಮ ಮಠದಲ್ಲಿ ಅಡುಗೆ ಮಾಡುವ ಮುದುಕಿ. ಹನ್ನೊಂದು ವರ್ಷ ಅವಳ ಕೈಯಡುಗೆ ಉಂಡಿದ್ದರೂ ‘ಇನ್ನೊಂದು ಸೌಟು’ ಎನ್ನುವುದರಾಚೆಗೆ ಕೊಟ್ರಪ್ಪ ಅವಳೊಡನೆ ಮಾತಾಡಿದವನಲ್ಲ. ಹೋಗಿ ಒಲೆಯ ಮುಂದೆ ಕೂತ.

“ಅಜ್ಜೀ, ಗುರುಗಳು ಹಸು ಬರೆದ ದಿನ ಅನ್ನ ಬೇಯೋದಕ್ಕೆ ಎಷ್ಟು ಹೊತ್ತಾಯ್ತು?”

ಹಾಲಮ್ಮ ಸೊಪ್ಪು ಬಿಡಿಸುತ್ತಲೇ ನಕ್ಕಳು.

“ಎಸರಿಟ್ಟಾಗ ಸೂರ್ಯ ಹುಟ್ಟಿದ್ದ. ಅನ್ನ ಇಳಿಸಿದಾಗ ಹೊತ್ತು ವಾಲಿತ್ತು.”

“ಅಷ್ಟು ಹೊತ್ತಾ?”

“ಮತ್ತೇನು ಮಾಡಲಿ ಮಗಾ? ಅಯ್ನೋರು ಕುಂಚ ಹಿಡಿದು ನಿಂತಿದ್ರು. ಅನ್ನ ಆಯ್ತು ಅಂದ್ರೆ ಊಟಕ್ಕೆ ಬನ್ನಿ ಅಂತ ಜನ ಕೂಗ್ತಾರೆ. ಅದಕ್ಕೇ ಒಲೆಯಿಂದ ಕಟ್ಟಿಗೆ ಹಿಂದಕ್ಕೆ ಎಳೆದೆ. ಎಸರು ಕುದಿಯೋಕೇ ಬಿಡಲಿಲ್ಲ. ಅರವತ್ತು ಜನ ಎಲೆ ಮುಂದೆ ಕೂತು ನನ್ನನ್ನ ಬಾಯಿಗೆ ಬಂದ ಹಾಗೆ ಬೈದ್ರು. ಬೈಲಿ ಬಿಡು, ಇನ್ನೂ ಆಗಿಲ್ಲ ಅಂದೆ. ಅಯ್ನೋರು ಕುಂಚ ಕೆಳಗಿಟ್ಟ ಮೇಲೇ ಕಟ್ಟಿಗೆ ಮುಂದಕ್ಕೆ ತಳ್ಳಿದ್ದು.”

ಕೊಟ್ರಪ್ಪ ಎದ್ದು ದಡದಡನೆ ಗುರುಗಳ ಬಳಿಗೆ ಬಂದ. ಅವನಿಗೆ ಸಿಟ್ಟೂ ಬಂದಿತ್ತು, ನಗುವೂ ಬಂದಿತ್ತು.

“ಹಾಗಾದರೆ ಅನ್ನ ಬೇಯುವಷ್ಟರಲ್ಲಿ ಅನ್ನೋದು ಸುಳ್ಳಾ?”

“ಯಾಕಪ್ಪ ಸುಳ್ಳು? ಅನ್ನ ಬೇಯುವಷ್ಟರಲ್ಲೇ ಬರೆದೆ. ಬೇಯಿಸಿದವರು ಯಾರು ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.”

“ನಿಮಗೆ ಗೊತ್ತಿತ್ತಾ?”

“ಆ ಸಂಜೆಯೇ ಗೊತ್ತಾಯಿತು. ಅವತ್ತಿನಿಂದ ಅವಳು ಉಣ್ಣದೆ ನಾನು ಒಂದು ದಿನವೂ ಉಂಡಿಲ್ಲ.” ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು. “ಆ ಮೂರು ಕಲ್ಲು ತೆಗೆದುಹಾಕು. ನಾಳೆ ಬೆಳಿಗ್ಗೆ ಗಾರೆ ಮೆತ್ತು.”

ಮರುದಿನ ಕೊಟ್ರಪ್ಪ ಗಾರೆ ಮೆತ್ತಿ ನುಣುಪು ಮಾಡಿ ಕುಂಚ ಹಿಡಿದ. ಮೊದಲು ಕೊಕ್ಕು, ಆಮೇಲೆ ಕತ್ತು. ಕತ್ತು ಈ ಸಲ ತಾನಾಗಿಯೇ ಬಾಗಿತು. ಆಮೇಲೆ ಗರಿ, ಒಂದಾದ ಮೇಲೊಂದು. ಬಿಸಿಲು ಏರಿದ್ದೂ ಅವನಿಗೆ ತಿಳಿಯಲಿಲ್ಲ, ಇಳಿದದ್ದೂ ತಿಳಿಯಲಿಲ್ಲ. ಗಾರೆ ಮಾತ್ರ ಹಸಿಯಾಗಿಯೇ ಇತ್ತು.

ಕೊನೆಯ ಗರಿಯ ಕಣ್ಣು ಬರೆದು ಮುಗಿಸಿದಾಗ ನವಿಲು ನವಿಲಾಗಿತ್ತು. ಅವನು ತಿರುಗಿ ನೋಡಿದ.

ಕಿಟಕಿಯ ಬಿಸಿಲಿಗೆ ಅಡ್ಡವಾಗಿ ಒದ್ದೆ ಗೋಣಿತಾಟು ಹಿಡಿದು ಗುರುಗಳು ನಿಂತಿದ್ದರು. ಮುದಿ ತೋಳುಗಳು ನಡುಗುತ್ತಿದ್ದವು, ಮೊಣಕೈಯಿಂದ ನೀರು ಇಳಿಯುತ್ತಿತ್ತು. ಅವರ ಹಿಂದೆ ಸಾಲೆಯ ತುಂಬ ಜನ ಬರಿ ಎಲೆಗಳ ಮುಂದೆ ಸದ್ದಿಲ್ಲದೆ ಕೂತಿದ್ದರು.

ಇಷ್ಟು ವರ್ಷ ಗೋಡೆಯ ಮುಂದೆ ನಾನೊಬ್ಬನೇ ಎಂದುಕೊಂಡಿದ್ದೆನಲ್ಲ ಎನಿಸಿ ಕೊಟ್ರಪ್ಪನ ಎದೆ ತುಂಬಿ ಬಂತು. ಅಲ್ಲಿಯೇ ಗುರುಗಳ ಕಾಲಿಗೆ ಬಿದ್ದ.

“ಎಷ್ಟು ಹೊತ್ತಾಯಿತು ಗುರುಗಳೇ?”

“ನನಗೇನು ಗೊತ್ತಪ್ಪ,” ಎಂದರು ಮರುಳಯ್ಯ. “ಅನ್ನ ಇನ್ನೂ ಆಗಿಲ್ಲ ಅಂತ ಹಾಲಮ್ಮ ಹೇಳ್ತಿದ್ದಾಳೆ.”