ಪರದೆಯನ್ನು ಬದಲಿಸುತ್ತಲೇ ಇದ್ದ ಗುಮಾಸ್ತ

ಮಠದ ತಾಡೋಲೆಗಳನ್ನು ಓದಿ ಕಂಪ್ಯೂಟರಿಗೆ ಏರಿಸುವ ಕೆಲಸ ಶಿಷ್ಯ ಅಡವೀಶನದು. ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ಬಂದು ಕುಳಿತು ಕೇಳಿದ:

“ಗುರುಗಳೇ, ಕೆಲಸಕ್ಕೆ ತೊಡಗುವ ಮುನ್ನ ನಾನು ದಿನವೂ ಪರದೆಯನ್ನು ಸಿಂಗರಿಸುತ್ತ ಕೂರುತ್ತೇನೆ. ಹಿಂದಿನ ಚಿತ್ರ ಬದಲಿಸುತ್ತೇನೆ. ಅಕ್ಷರದ ಮಾದರಿ, ಬಣ್ಣ, ಫೈಲು ತೆರೆಯುವ ಚಿಹ್ನೆಗಳ ಜಾಗ ಎಲ್ಲವನ್ನೂ ಬದಲಿಸುತ್ತೇನೆ. ಇಂದು ಸರಿಯಾಯಿತು ಅನ್ನಿಸಿದ್ದು ನಾಳೆ ಸರಿಯಿಲ್ಲ ಅನ್ನಿಸುತ್ತದೆ. ಮೂರು ತಿಂಗಳಲ್ಲಿ ಹನ್ನೊಂದೇ ಓಲೆಗರಿ ಮುಗಿದಿವೆ. ಈ ಚಟವನ್ನು ಕೀಳುವುದು ಹೇಗೆ?”

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ನಿಘಂಟು ಮಾಡುವ ಕಚೇರಿಯೊಂದಿತ್ತು. ಕುಂಬಾರರು, ನೇಕಾರರು, ಗಾಣಿಗರು, ಬಾವಿ ತೋಡುವವರು, ದೋಣಿ ನಡೆಸುವವರು ತಮ್ಮ ಕಸುಬಿನಲ್ಲಿ ಆಡುವ ಮಾತುಗಳನ್ನು ಕೂಡಿಸುವ ನಿಘಂಟು ಅದು. ಅಲ್ಲಿ ಒಬ್ಬ ಗುಮಾಸ್ತನಿದ್ದ. ಪಂಡಿತರು ಬರೆದುಕೊಟ್ಟದ್ದನ್ನು ಕಂಪ್ಯೂಟರಿನಲ್ಲಿ ಅಚ್ಚಿಗೆ ಸಿದ್ಧಪಡಿಸುವುದು ಅವನ ಕೆಲಸ. ಕೆಲಸದಲ್ಲಿ ಅವನು ಚುರುಕು. ಹೇಳಿದ ದಿನಕ್ಕೆ ಹೇಳಿದಷ್ಟು ಮುಗಿಸುತ್ತಿದ್ದ. ಆದರೆ ಉಳಿದ ಹೊತ್ತೆಲ್ಲ ತನ್ನ ಪರದೆಯ ಜೊತೆ ಕಳೆಯುತ್ತಿದ್ದ.

ಸೋಮವಾರ ಅವನ ಪರದೆ ಕಡುನೀಲಿಯಾಗಿದ್ದರೆ ಬುಧವಾರ ಹಸುರಾಗಿರುತ್ತಿತ್ತು. ಚಿಹ್ನೆಗಳು ಒಂದು ದಿನ ಎಡಕ್ಕೆ, ಒಂದು ದಿನ ಕೆಳಕ್ಕೆ, ಇನ್ನೊಂದು ದಿನ ಮಾಯ. ಮೌಸಿನ ಬಾಣವನ್ನು ಅವನು ಗರಿಯಾಗಿಸಿದ್ದ, ಸೂಜಿಯಾಗಿಸಿದ್ದ, ಒಮ್ಮೆ ಮೆಣಸಿನಕಾಯಿಯಾಗಿಯೂ ಮಾಡಿದ್ದ. ಯಾವುದೂ ಅವನ ಕಣ್ಣಿಗೆ ಒಂದು ವಾರ ನಿಲ್ಲುತ್ತಿರಲಿಲ್ಲ. ಯಾಕೆ ಹೀಗೆ ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಎಲ್ಲ ಕೂಡಿಬಂದು ಪರದೆ ತಿಳಿಯಾಗಿ ಕಂಡಾಗ ಎದೆಗೆ ತಂಪಾಗುತ್ತಿತ್ತು. ಅದಕ್ಕಾಗಿ ಮತ್ತೆ ಮತ್ತೆ ಕೈ ಹಾಕುತ್ತಿದ್ದ, ಅಷ್ಟೆ.

ಒಂದು ರಜೆಯ ದಿನ ಅವನು ಕಚೇರಿಗೆ ಬಂದು, ಎಲ್ಲರಿಗೂ ಸಂತೋಷವಾಗಲಿ ಎಂದು, ಎಲ್ಲರ ಪರದೆಗಳನ್ನೂ ಬದಲಿಸಿಟ್ಟ. ಮರುದಿನ ಮಧ್ಯಾಹ್ನದವರೆಗೆ ಯಾರಿಗೂ ತಮ್ಮ ಫೈಲುಗಳು ಸಿಗಲಿಲ್ಲ. ಕಚೇರಿಯ ಕಾರ್ಯದರ್ಶಿಗಳು ಅವನನ್ನು ಎಲ್ಲರ ಮುಂದೆ ನಿಲ್ಲಿಸಿ, “ನಿನಗೆ ಇಲ್ಲಿ ಕೊಟ್ಟಿರುವುದು ಕೆಲಸವೋ ಆಟದ ಸಾಮಾನೋ?” ಎಂದು ಗದರಿದರು. ಗುಮಾಸ್ತ ನಾಚಿಕೊಂಡ. ಇನ್ನು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡ. ಎಂಟು ದಿನ ಮುಟ್ಟಲಿಲ್ಲ. ಒಂಬತ್ತನೆಯ ದಿನ, ಬಣ್ಣ ಒಂದಿಷ್ಟು ಮಾತ್ರ, ಎಂದು ಕೈ ಹಾಕಿದವನು ಊಟವನ್ನೂ ಮರೆತ.

ಆ ನಿಘಂಟಿನ ಸಂಪಾದಕಿ ವೇಣೂಬಾಯಿ ಎಂಬ ಹೆಂಗಸು. ವಯಸ್ಸು ಅರವತ್ತೆಂಟು. ನಲವತ್ತು ವರ್ಷ ಊರೂರು ನಡೆದು, ಕೆಲಸ ಮಾಡುವವರ ಪಕ್ಕದಲ್ಲಿ ಕುಳಿತು, ಅವರು ಆಡಿದ ಮಾತನ್ನು ಅಂಗೈಯಗಲದ ಚೀಟಿಗಳಲ್ಲಿ ಬರೆದುಕೊಂಡು ತಂದವರು. ಅಂಥ ಚೀಟಿಗಳು ಐವತ್ತು ಸಾವಿರ ಇದ್ದವು. ಚೀಟಿಯ ಮೇಲಿನ ಅಕ್ಷರ ಎಳ್ಳಿನಷ್ಟು ಸಣ್ಣದು. ಅದರ ನಡುವೆ ಅವರೇ ಮಾಡಿಕೊಂಡ ಗುರುತುಗಳು. ಯಾವ ಊರು, ಯಾರ ಬಾಯಿ, ಯಾವ ಅರ್ಥ ಎಂಬುದೆಲ್ಲ ಆ ಗುರುತುಗಳಲ್ಲಿತ್ತು. ಅವರ ಹೊರತು ಬೇರೆ ಯಾರಿಗೂ ಆ ಚೀಟಿಗಳನ್ನು ಓದಲು ಬರುತ್ತಿರಲಿಲ್ಲ.

ಧಕಾರದವರೆಗಿನ ಸಂಪುಟಗಳು ಅಚ್ಚಾಗಿದ್ದವು. ನಕಾರ ಶುರುವಾಗಬೇಕು ಅನ್ನುವಾಗ ವೇಣೂಬಾಯಿಯವರ ಕಣ್ಣು ಕೆಟ್ಟಿತು. ಪೂರ್ತಿ ಕತ್ತಲಾಗಲಿಲ್ಲ. ನೋಟದ ನಟ್ಟನಡುವೆ ಒಂದು ಕಪ್ಪು ಕಲೆ ಕೂತಿತು. ಯಾವುದನ್ನು ನೋಡಹೋದರೆ ಅದೇ ಮಾಯವಾಗುತ್ತಿತ್ತು. ಸುತ್ತಲಿನದು ಮಾತ್ರ ಮಬ್ಬಾಗಿ ಉಳಿಯುತ್ತಿತ್ತು. ವೈದ್ಯರು, ಇದಕ್ಕೆ ಔಷಧವಿಲ್ಲ, ಇರುವಷ್ಟು ದೃಷ್ಟಿಯನ್ನು ಕಾಪಾಡಿಕೊಳ್ಳಿ ಎಂದರು.

ನಿಘಂಟಿನ ಸಮಿತಿ ಸೇರಿತು. ಸಂಪಾದಕಿಗೇ ಓದಲಾಗದ ಚೀಟಿಗಳನ್ನು ಇಟ್ಟುಕೊಂಡು ಮಾಡುವುದೇನು ಎಂಬ ಮಾತು ಬಂತು. ನಿಘಂಟನ್ನು ಧಕಾರಕ್ಕೇ ನಿಲ್ಲಿಸುವುದು, ತಿಂಗಳ ಕೊನೆಗೆ ಚೀಟಿಗಳನ್ನು ಪೆಟ್ಟಿಗೆಗೆ ತುಂಬುವುದು ಎಂದು ತೀರ್ಮಾನವಾಯಿತು. ವೇಣೂಬಾಯಿ ಎದುರಾಡಲಿಲ್ಲ. ತಮ್ಮ ಮೇಜಿಗೆ ಹೋಗಿ ಒಂದು ಚೀಟಿಯನ್ನು ಕೈಗೆತ್ತಿಕೊಂಡು, ಮೂಗಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು, ಕೆಳಗಿಟ್ಟರು. ಗುಮಾಸ್ತ ಅದನ್ನು ಕಂಡ.

ಅವನು ಅವರ ಬಳಿ ಹೋಗಿ, “ಅಮ್ಮಾ, ಈ ಚೀಟಿಗಳನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದರೆ ಆದೀತೇ?” ಎಂದ.

“ದೊಡ್ಡದಾದರೇನು ತಮ್ಮಾ, ನಡುವಿನ ಕಲೆಯೂ ಜೊತೆಗೇ ಇರುತ್ತದಲ್ಲ,” ಎಂದರು ಅವರು. ಆದರೂ ಬೇಡವೆನ್ನಲಿಲ್ಲ.

ಗುಮಾಸ್ತ ನೂರು ಚೀಟಿಗಳ ಚಿತ್ರ ತೆಗೆದು ಕಂಪ್ಯೂಟರಿಗೆ ಏರಿಸಿದ. ವೇಣೂಬಾಯಿಯವರ ಮೇಜಿನ ಮೇಲೆ ಹೊಸ ಪರದೆ ಇಟ್ಟ. ತನಗೆ ಗೊತ್ತಿದ್ದ ಚೆಲುವನ್ನೆಲ್ಲ ಅದಕ್ಕೆ ತೊಡಿಸಿದ. ಕೆನೆಬಣ್ಣದ ಹಿನ್ನೆಲೆ, ಕಂದು ಅಂಚು, ಮೆದುವಾದ ನೆರಳು. ಹತ್ತು ವರ್ಷದಲ್ಲಿ ಅಷ್ಟು ಚೆಂದದ ಪರದೆಯನ್ನು ಅವನು ಮಾಡಿರಲಿಲ್ಲ. ಕಚೇರಿಯವರು ಬಂದು ನೋಡಿ ತಲೆದೂಗಿದರು. ವೇಣೂಬಾಯಿ ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ನನಗೆ ಬಿಳಿ ಹೊಗೆ ಕಾಣುತ್ತಿದೆ, ತಮ್ಮಾ,” ಎಂದರು.

ಅಷ್ಟು ವರ್ಷ ಗುಮಾಸ್ತ ಬದಲಿಸಿದ್ದೆಲ್ಲ ತನ್ನ ಕಣ್ಣಿಗೆ ತಕ್ಕಂತೆ. ಇನ್ನೊಂದು ಕಣ್ಣು ಹೇಗೆ ನೋಡುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಮರುದಿನದಿಂದ ಅವನು ಅವರನ್ನು ಗಮನಿಸತೊಡಗಿದ. ಚಹಾ ಬಂದಾಗ ಅವರು ಲೋಟವನ್ನು ನೋಡುತ್ತಿರಲಿಲ್ಲ. ಲೋಟದ ಎಡಗಡೆ, ಒಂದು ಗೇಣು ಕೆಳಗೆ, ಬರಿಯ ಮೇಜನ್ನು ನೋಡಿ ಲೋಟ ಎತ್ತಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಯಾರಾದರೂ ನಿಂತರೆ ಅವರ ಮೊಣಕೈಯ ಕಡೆ ನೋಡಿ ಗುರುತು ಹಿಡಿಯುತ್ತಿದ್ದರು. ಕಲೆ ನಡುವೆ ಇದೆ. ಅದರ ಬಲಮೇಲುಗಡೆ ಇನ್ನೂ ಒಂದು ಕಿಂಡಿ ತೆರೆದಿದೆ. ಇದು ಅರ್ಥವಾದ ಕೂಡಲೇ ಗುಮಾಸ್ತ ಓಡಿಬಂದು ಪರದೆಯ ಮುಂದೆ ಕುಳಿತ.

ಕೆನೆಬಣ್ಣವನ್ನು ಅಳಿಸಿ ಇಡೀ ಪರದೆಯನ್ನು ಕಪ್ಪಾಗಿಸಿದ. ಚೀಟಿಯ ಬಿಳಿ ಕಾಗದ ಕಪ್ಪಾಗಿ, ಶಾಯಿಯ ಅಕ್ಷರ ಹಳದಿಯಾಗಿ ಕಾಣುವಂತೆ ತಿರುಗಿಸಿದ. ಪರದೆಯ ಎಡಭಾಗದಲ್ಲಿ, ಕೆಳಗೆ, ಹುಣಿಸೆಬೀಜದಷ್ಟು ದೊಡ್ಡ ಕೆಂಪು ಚುಕ್ಕೆ ಇಟ್ಟ. ಚೀಟಿಯ ಒಂದೊಂದೇ ಸಾಲು ಆ ಚುಕ್ಕೆಯ ಬಲಮೇಲುಗಡೆ ಬಂದು ಹಾದುಹೋಗುವಂತೆ ಮಾಡಿದ. “ಅಮ್ಮಾ, ಅಕ್ಷರವನ್ನು ನೋಡಬೇಡಿ. ಚುಕ್ಕೆಯನ್ನು ನೋಡಿ,” ಎಂದ.

ಅವರು ನೋಡಿದರು. “ಏನೋ ಓಡಾಡುತ್ತಿದೆ,” ಎಂದರು.

ಅಕ್ಷರವನ್ನು ದಪ್ಪ ಮಾಡಿದ. ಒಂದಕ್ಕೊಂದು ತಾಗದಂತೆ ಬಿಡಿಸಿಟ್ಟ. ಸಾಲಿನ ವೇಗ ಇಳಿಸಿದ. ಹಳದಿಯನ್ನು ಮೂವತ್ತು ಬಗೆಯಲ್ಲಿ ತೋರಿಸಿ, ಯಾವುದು ಚುಚ್ಚುತ್ತದೆ, ಯಾವುದು ಮಸುಕಾಗುತ್ತದೆ ಎಂದು ಒಂದೊಂದನ್ನೂ ಕೇಳಿದ. ಅವರಿಗೆ ಮೌಸಿನ ಬಾಣ ಸಿಗುತ್ತಿರಲಿಲ್ಲ. ಅದನ್ನು ಹೆಬ್ಬೆರಳಿನಷ್ಟು ಮಾಡಿದ. ಚಿಹ್ನೆಗಳನ್ನೆಲ್ಲ ತೆಗೆದು ನಾಲ್ಕನ್ನು ಮಾತ್ರ ಉಳಿಸಿ ನಾಲ್ಕು ಮೂಲೆಗೆ ಇಟ್ಟ. ಬಾಣವನ್ನು ಮೂಲೆಗೆ ತಳ್ಳಿದರೆ ಅದು ಅಲ್ಲೇ ನಿಲ್ಲುತ್ತದೆ, ಎಷ್ಟು ಜೋರಾಗಿ ತಳ್ಳಿದರೂ ದಾಟಿಹೋಗುವುದಿಲ್ಲ, ಕಣ್ಣಿಲ್ಲದೆಯೂ ಸಿಗುತ್ತದೆ. ಇದನ್ನು ಅವನು ಎಂದೋ ಆಡುತ್ತ ಕಂಡುಕೊಂಡಿದ್ದ. ಯಾವ ಬಣ್ಣ ಯಾವುದರ ಪಕ್ಕದಲ್ಲಿ ಮಂಕಾಗುತ್ತದೆ, ಯಾವ ಅಕ್ಷರ ದಪ್ಪವಾದರೆ ಒತ್ತಕ್ಷರವನ್ನು ನುಂಗುತ್ತದೆ, ಯಾವುದನ್ನು ಎಲ್ಲಿ ಒತ್ತಿದರೆ ಬದಲಾಗುತ್ತದೆ, ಎಲ್ಲವೂ ಅವನ ಬೆರಳಿಗೆ ಗೊತ್ತಿತ್ತು. ಯಾರೂ ಕಲಿಸಿರಲಿಲ್ಲ. ಗದರಿಸಿಕೊಂಡು ಕಲಿತದ್ದು.

ಹತ್ತೊಂಬತ್ತು ದಿನ ಹೀಗೆ ನಡೆಯಿತು. ತಿಂಗಳು ಮುಗಿಯಲು ಇನ್ನೂ ಎರಡು ದಿನವಿತ್ತು. ಪೆಟ್ಟಿಗೆಗಳು ಬಂದು ಬಾಗಿಲ ಬಳಿ ಕೂತಿದ್ದವು. ವೇಣೂಬಾಯಿ ಕೆಂಪು ಚುಕ್ಕೆಯನ್ನು ನೋಡುತ್ತ ಕುಳಿತಿದ್ದರು. ಹಳದಿ ಸಾಲು ನಿಧಾನವಾಗಿ ಹಾದುಹೋಯಿತು. ಅವರ ತುಟಿ ಅಲುಗಿತು.

“ನು... ಲಿ. ನುಲಿ,” ಎಂದರು. “ಮಂಚಕ್ಕೆ ಹೆಣೆಯುವ ಹಗ್ಗ.” ಇನ್ನೊಂದು ಸಾಲು ಹಾದುಹೋಯಿತು. “ಹಗ್ಗ ಹೊಸೆಯುವ ಮುದುಕಿಯೊಬ್ಬಳು ಹೇಳಿದ್ದು. ಅವಳ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ.” ಅಷ್ಟು ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, “ಮುಂದಿನ ಚೀಟಿ ತೋರಿಸು,” ಎಂದರು.

ಅಂದು ಅವರು ಆರು ಚೀಟಿ ಓದಿದರು. ಮರುದಿನ ಒಂಬತ್ತು. ಕಾರ್ಯದರ್ಶಿಗಳು ಬಂದು ಬೆನ್ನ ಹಿಂದೆ ನಿಂತು ಕೇಳಿದರು. ಹೊರಗೆ ಹೋಗಿ ಪೆಟ್ಟಿಗೆಗಳನ್ನು ವಾಪಸು ಕಳಿಸಿದರು.

ಆದರೆ ಗುಮಾಸ್ತನ ಕೈ ಸುಮ್ಮನಿರುವ ಕೈಯಲ್ಲ. ಆ ಪರದೆ ಅವನ ಕಣ್ಣಿಗೆ ಬಹಳ ಒರಟಾಗಿತ್ತು. ಹಳದಿ ಕಣ್ಣಿಗೆ ರಾಚುತ್ತಿತ್ತು, ಚುಕ್ಕೆ ಮೊಂಡಾಗಿತ್ತು. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ವೇಣೂಬಾಯಿ ಊಟಕ್ಕೆ ಹೋದಾಗ, ಅವನು ಹಳದಿಯನ್ನು ಕೂದಲೆಳೆಯಷ್ಟು ಮೆದುವಾಗಿಸಿದ. ಯಾರಿಗೂ ಗೊತ್ತಾಗದಷ್ಟು. ಅವರು ಬಂದು ಕುಳಿತರು. ಒಂದು ಗಂಟೆ ಏನನ್ನೂ ಓದಲಿಲ್ಲ. ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಮತ್ತೆ ನೋಡಿದರು. ಕೊನೆಗೆ ಮೆಲ್ಲಗೆ, “ಇನ್ನು ಮುಗಿಯಿತು ಅಂತ ಕಾಣುತ್ತದೆ, ತಮ್ಮಾ. ಉಳಿದಿದ್ದೂ ಹೋಯಿತು,” ಎಂದರು.

“ಇಲ್ಲ ಅಮ್ಮಾ, ನಾನು ಬಣ್ಣ ಬದಲಿಸಿದೆ,” ಎಂದು ಹೇಳಿ, ಗುಮಾಸ್ತ ಎದುರಲ್ಲೇ ಹಳೆಯ ಹಳದಿಯನ್ನು ತಂದಿಟ್ಟ. ಅವರು ಗದರಲಿಲ್ಲ. ಉಸಿರು ಬಿಟ್ಟು, ಓದು ನಿಂತಲ್ಲಿಂದ ಮುಂದುವರಿಸಿದರು. ಅಂದಿನಿಂದ ನಾಲ್ಕು ವರ್ಷ ಅವನು ಆ ಪರದೆಯನ್ನು ಬದಲಿಸಲಿಲ್ಲ. ಎರಡು ದಿನ ಒಂದು ಬಣ್ಣವನ್ನು ಸಹಿಸದ ಮನುಷ್ಯ ದಿನವೂ ಬೆಳಿಗ್ಗೆ ಅದರ ಮುಂದೆ ನಿಂತು, ಚುಕ್ಕೆ ಇದ್ದಲ್ಲೇ ಇದೆಯೇ ಎಂದು ನೋಡಿ, ಧೂಳು ಒರೆಸಿ, ತನ್ನ ಜಾಗಕ್ಕೆ ಹೋಗುತ್ತಿದ್ದ.

ನಕಾರ ಮುಗಿಯಿತು. ಪಕಾರ ಮುಗಿಯಿತು. ನಾಲ್ಕನೆಯ ವರ್ಷದ ಕೊನೆಗೆ ಹಕಾರದ ಕಡೆಯ ಚೀಟಿಯೂ ಹಾದುಹೋಯಿತು. ವೇಣೂಬಾಯಿ ಚುಕ್ಕೆಯಿಂದ ಕಣ್ಣು ತೆಗೆದು ಬೆನ್ನು ನೆಟ್ಟಗೆ ಮಾಡಿದರು.

“ತಮ್ಮಾ, ಇಷ್ಟು ದಿನ ಕೇಳಲಿಲ್ಲ. ಈ ನನ್ನ ಪರದೆ ನೋಡಲು ಹೇಗಿದೆ?”

“ಚೆನ್ನಾಗಿಲ್ಲ ಅಮ್ಮಾ,” ಎಂದ ಗುಮಾಸ್ತ.

ಅವರು ಜೋರಾಗಿ ನಕ್ಕರು. ಅವನೂ ನಕ್ಕ. ಅಂದು ಸಂಜೆ ಮನೆಗೆ ಹೋಗುವ ಮುನ್ನ ಅವನು ತನ್ನ ಮೇಜಿನ ಪರದೆಯನ್ನು ಎರಡು ಸಲ ಬದಲಿಸಿದ.

ಗುರುಗಳು ಕತೆ ನಿಲ್ಲಿಸಿದರು. ಅಡವೀಶನ ಮುಖ ಅರಳಿತ್ತು.

“ಆ ಗುಮಾಸ್ತ ದೊಡ್ಡವನು, ಗುರುಗಳೇ. ಆದರೆ ಅವನಿಗೆ ವೇಣೂಬಾಯಿ ಸಿಕ್ಕರು. ನನ್ನ ಕೋಣೆಗೆ ಅಂಥವರು ಯಾರು ಬರುತ್ತಾರೆ? ಓಲೆ ನೋಡಬೇಕೆಂದು ಊರಿನ ನಾಲ್ಕು ಜನ ಬಂದು, ಬೆನ್ನ ಹಿಂದೆ ನಿಂತು, ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡಿ, ಹೋಗುತ್ತಾರೆ.”

ಗುರುಗಳು ಅವನ ಮುಖ ನೋಡಿ ಕೇಳಿದರು:

“ನಿಮಗೆ ಏನು ಕಾಣುತ್ತಿದೆ ಎಂದು ಅವರಲ್ಲಿ ಒಬ್ಬರನ್ನಾದರೂ ಕೇಳಿದ್ದೀಯಾ, ಅಡವೀಶ?”